ಪೃಷ್ಠೋಷ್ಣ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯ ಹೊರಟವನು ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ಹೇಳುತ್ತೇವೆ. ವಿಷಯ: ಟಾಪು ತೆಗೆದು ಓಡಿಸುವ ಹಳೆಯ ಕಾರಿನ ಸೀಟಿನೊಳಗೆ ವಿದ್ಯುತ್ತಿನ ಕಾವು ಕೂಡಿಸುವುದು. ಪ್ರಯೋಜನ: ಕೂತವರ ಹಿಂಭಾಗ ಬೆಚ್ಚಗಾಗುವುದು. ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹನಾದವನು: ಇಂಗ್ಲೆಂಡಿನಲ್ಲಿ ವಾಸ, ಒಂದು ಗ್ಯಾರೇಜು, ತಾಳ್ಮೆಯುಳ್ಳ ಹೆಂಡತಿ, ಈ ಮೂರೂ ಇರುವ ಗೃಹಸ್ಥ. ಸಂಬಂಧ: ಆಕೆ ಪಕ್ಕದ ಸೀಟಿನಲ್ಲಿ ಕೂರುವವಳಾದ್ದರಿಂದ ಅದು ಎಷ್ಟು ದಿನ ಉಳಿಯುತ್ತದೆಂಬುದು ಈ ಗ್ರಂಥದ ಯಶಸ್ಸನ್ನು ಅವಲಂಬಿಸಿದೆ.

ಉದಾಹರಣೆಗೆ ಎಂ.ಜಿ.ಬಿ. ರೋಡ್‌ಸ್ಟರನ್ನು ಹಿಡಿದಿದ್ದೇವೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್‌ಡನ್ನಿನಲ್ಲಿ ತಯಾರಾದ ಕಾರು. ಗಟ್ಟಿ ಟಾಪಿನ ಜಿ.ಟಿ.ಯನ್ನೂ ಲೆಕ್ಕಕ್ಕೆ ಹಿಡಿದರೆ ಐದು ಲಕ್ಷಕ್ಕೂ ಮೀರಿ ಹುಟ್ಟಿವೆ. ಮೊದಮೊದಲ ಕಾರುಗಳಲ್ಲಿ ಹೀಟರು ಬೇಕೆಂದವರು ಅದಕ್ಕೆ ಬೇರೆ ದುಡ್ಡು ಕೊಡಬೇಕಿತ್ತು. ಈ ಸಂಗತಿಯನ್ನು ನೆನಪಿಡಿ. ಪೂರ್ವಪಕ್ಷಿಯ ಬಾಯಿ ಮುಚ್ಚಿಸುವಾಗ ಬೇಕಾಗುತ್ತದೆ.

ಈಗ ಸಂಶಯ. ಚಳಿಯಾದರೆ ಟಾಪು ಹಾಕಿಕೊಳ್ಳಬಾರದೇ? ಹೀಗೆ ಕೇಳಿದವನು ಅಧಿಕಾರಿಯಲ್ಲ. ಗ್ರಂಥ ಮುಚ್ಚಿ ಎದ್ದು ಹೋಗಬಹುದು. ಏಪ್ರಿಲ್ಲಿನ ಎಳೆಬಿಸಿಲು ನಂಬಿ ಟಾಪು ಇಳಿಸಿದ ಆಂಗ್ಲ ಗೃಹಸ್ಥ ಅದನ್ನು ಮತ್ತೆ ಏರಿಸುವುದೆಂದರೆ ಸೋಲೊಪ್ಪಿಕೊಂಡಂತೆ. ಮುಚ್ಚಿದ ಕಾರುಗಳಲ್ಲಿ ಕೂತ ಮಕ್ಕಳು ಕನಿಕರದಿಂದ ನೋಡುತ್ತಿದ್ದರೂ, ಮೂಗಿನ ತುದಿ ಕೆಂಪಗಾಗಿ ಸೋರುತ್ತಿದ್ದರೂ, ಆತ ಮುಗುಳ್ನಗುತ್ತಲೇ ಇರಬೇಕು. ಅಲ್ಲದೆ ಮೊದಲ ಮಾದರಿಗಳ ಟಾಪು ಎರಡು ಬಗೆ. ಅದರಲ್ಲೊಂದನ್ನು ಬಟ್ಟೆ ಬೇರೆ, ಕಂಬಿ ಬೇರೆ ಮಾಡಿ ಡಿಕ್ಕಿಯಲ್ಲಿ ಇಡಬೇಕಿತ್ತು. ಮಳೆ ಬಂತೆಂದು ಇಳಿದು, ಕಂಬಿ ಸಿಕ್ಕಿಸಿ, ಬಟ್ಟೆ ಎಳೆದು ಗುಂಡಿ ಹಾಕುವಷ್ಟರಲ್ಲಿ ಮಳೆ ಮುಂದಿನ ಊರಿಗೆ ಹೋಗಿರುತ್ತದೆ, ಹಿಂದೆಯೇ ಇವರೂ ಹೋಗುತ್ತಾರೆ.

ಹೀಟರಿನಿಂದಲೇ ಕೆಲಸವಾಗದೇ ಎಂದರೆ ಆಗದು. ಹೀಟರು ಕಾಯಿಸುವುದು ಗಾಳಿಯನ್ನು, ತೆರೆದ ಕಾರಿನಲ್ಲಿ ಗಾಳಿ ಯಾರಪ್ಪನ ಸೊತ್ತೂ ಅಲ್ಲ. ಸಾಲದ್ದಕ್ಕೆ ಮುಂದಿನ ಗಾಜಿನ ಮೇಲೆ ಹಾರಿದ ಗಾಳಿ ಕಾರಿನ ಹಿಂದೆ ಸುಳಿ ಹಾಕಿ, ತಿರುಗಿ ಬಂದು ಕತ್ತಿನ ಹಿಂಬದಿಗೇ ಹೊಡೆಯುತ್ತದೆ. ಸೀಟಿನ ಕಾವಿನ ದಾರಿ ಬೇರೆ. ಅದು ಗಾಳಿಯನ್ನು ನಂಬದೆ ನೇರವಾಗಿ ಮೈಗೆ ದಾಟುತ್ತದೆ, ಮಧ್ಯೆ ಕದಿಯಲು ಯಾರಿಗೂ ಸಂದಿಲ್ಲ. ಆದ್ದರಿಂದ ನಮ್ಮ ಸೂತ್ರ: ತಲೆಗೆ ಪ್ರತಿಷ್ಠೆ, ಬುಡಕ್ಕೆ ಬೆಚ್ಚಗೆ.

ಪೂರ್ವಪಕ್ಷಿಗಳು ಒರಿಜಿನಲ್ ವಾದಿಗಳು. ಇವರ ಮಡಿ ಬಲು ಕಟ್ಟುನಿಟ್ಟು. ಬೋಲ್ಟಿನ ತಲೆಯ ಮೇಲಿನ ಅಚ್ಚು ಕೂಡ ಆ ಕಾಲದ್ದೇ ಆಗಿರಬೇಕು. ಪ್ಲಾಸ್ಟಿಕ್ ಕೇಬಲ್ ಟೈ ಕಣ್ಣಿಗೆ ಬಿದ್ದರೆ ಮೈಲಿಗೆ. ಕಾರ್ಖಾನೆ ಕೊಡದೆ ಇದ್ದದ್ದು ಕಾರಿನಲ್ಲಿರಕೂಡದು ಎಂಬುದು ಇವರ ಮತ. ಸಿದ್ಧಾಂತಿ ಕೇಳುತ್ತಾನೆ: ಪಾಯಿಂಟ್ ತೆಗೆದು ಹಾಕಿಸಿಕೊಂಡ ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಗತಿಯೇನು? ಅದು ಡಿಸ್ಟ್ರಿಬ್ಯೂಟರಿನ ಮುಚ್ಚಳದ ಕೆಳಗಿದೆ, ಕಾಣುವುದಿಲ್ಲ, ದೋಷವಿಲ್ಲ. ಸೀಸವಿಲ್ಲದ ಪೆಟ್ರೋಲಿಗೆಂದು ಹಾಕಿಸಿದ ಗಡಸು ವಾಲ್ವ್ ಸೀಟು? ಅದು ಆಪದ್ಧರ್ಮ. ಇಲ್ಲೇ ಸಿಕ್ಕಿಬಿದ್ದರು. ಎಂಜಿನ್ನಿನೊಳಗಿನ ಸೀಟಿಗೆ ಸಂದ ವಿನಾಯಿತಿ ಅತಿದೇಶ ನ್ಯಾಯದಿಂದ ಎಂಜಿನ್ನಿನ ಹಿಂದಿನ ಸೀಟಿಗೂ ಸಲ್ಲಬೇಕು. ಮೇಲಾಗಿ ಹೀಟರೇ ಐಚ್ಛಿಕವಾಗಿದ್ದ ಕಾರಿನಲ್ಲಿ ಬಿಸಿ ಎಂಬುದು ನಿಷಿದ್ಧವಲ್ಲ, ಕಾಮ್ಯ. ಬೇಕಾದವನು ದುಡ್ಡು ಕೊಟ್ಟು ಪಡೆಯಬಹುದಾದದ್ದು.

ಕಾಲದೋಷವೆಂಬ ಆಕ್ಷೇಪವೂ ನಿಲ್ಲದು. ಅಮೆರಿಕದ ಕ್ಯಾಡಿಲಾಕ್ 1966ರಲ್ಲೇ ಕಾದ ಸೀಟು ಮಾರಿತ್ತು. ಸ್ವೀಡನ್ನಿನ ಸಾಬ್ 1972ರ ಮಾದರಿಯಲ್ಲಿ ಡ್ರೈವರನ ಸೀಟಿಗೆ ಅದನ್ನು ಪುಕ್ಕಟೆ ಕೊಟ್ಟಿತು. ಆಗ ಎಂ.ಜಿ.ಬಿ. ಇನ್ನೂ ತಯಾರಾಗುತ್ತಿತ್ತು. ಸಮಕಾಲೀನರು ಬೆಚ್ಚಗಿದ್ದರು, ಆಬಿಂಗ್‌ಡನ್ನಿನವರು ಮುಗುಳ್ನಗುತ್ತಿದ್ದರು. ಅಷ್ಟೇ ವ್ಯತ್ಯಾಸ.

ಇನ್ನು ವಿದ್ಯುತ್ ಪ್ರಕರಣ. ಪಂಡಿತರು ಮುಗ್ಗರಿಸುವುದು ಇಲ್ಲೇ. 1967ರವರೆಗಿನ ಎಂ.ಜಿ.ಬಿ.ಯಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಚಾಸಿಗೆ ಸೇರಿರುತ್ತದೆ, ಈಗಿನ ಕಾರುಗಳಿಗೆ ಪೂರ್ತಿ ತಿರುವುಮುರುವು. ಸೀಟಿನೊಳಗೆ ಹೋಗುವ ಕಾರ್ಬನ್ ಎಳೆಯ ಹಾಸಿಗೆ ಇದರಿಂದ ಚಿಂತೆಯಿಲ್ಲ. ಅದು ಅದ್ವೈತಿ, ಕರೆಂಟು ಯಾವ ಕಡೆಯಿಂದ ಬಂದರೂ ಕಾಯುತ್ತದೆ. ಆದರೆ ಸೀಟು ಕಾಯಿಸುವ ಕಿಟ್ಟಿನ ಜೊತೆ ಬರುವ ಎಲೆಕ್ಟ್ರಾನಿಕ್ ಕಂಟ್ರೋಲರು ಕಟ್ಟಾ ದ್ವೈತಿ. ಪ್ಲಸ್ಸು ಪ್ಲಸ್ಸೇ, ಮೈನಸ್ಸು ಮೈನಸ್ಸೇ. ಭೇದ ಅಳಿಸಲು ಹೋದರೆ ಅದು ವಾದಕ್ಕೆ ನಿಲ್ಲುವುದಿಲ್ಲ, ಸುಟ್ಟುಹೋಗುತ್ತದೆ.

ಆಯವ್ಯಯ ನೋಡಿ. ಆ ಕಾಲದ ಲೂಕಾಸ್ ಡೈನಮೋ ಕೊಡುವುದು ಹೆಚ್ಚೆಂದರೆ 22 ಆಂಪಿಯರ್. ಮಳೆಯ ಸಂಜೆ ಡಿಮ್ಮಿನಲ್ಲಿಟ್ಟ ಹೆಡ್‌ಲೈಟುಗಳಿಗೆ ಸುಮಾರು 8, ಇಗ್ನಿಷನ್ನಿಗೆ 4, ವೈಪರಿಗೆ 3, ಹೀಟರಿನ ಫ್ಯಾನಿಗೂ ಹಿಂದಿನ ದೀಪಗಳಿಗೂ ಇನ್ನಷ್ಟು. ಇಷ್ಟಾದ ಮೇಲೆ ಎರಡು ಸೀಟುಗಳು ತಲಾ ನಾಲ್ಕೋ ಐದೋ ಕೇಳುತ್ತವೆ. ಖರ್ಚು ವರಮಾನ ಮೀರಿತು. ಕೊರತೆ ತುಂಬುವುದು ಬ್ಯಾಟರಿ. ಅದೂ ಸಿಗ್ನಲ್ಲಿನಲ್ಲಿ ನಿಂತಾಗ ಡೈನಮೋ ಬಹುತೇಕ ಮೌನವ್ರತ ಹಿಡಿದು, ಡ್ಯಾಶಿನ ಕೆಂಪು ದೀಪ ಮಿಣುಕುತ್ತದೆ. ಆ ಕಾರಿನಲ್ಲಿ ಆರಾರು ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆಯೇ ನೆಲದಡಿ ಕೂತಿವೆ. ಬೆನ್ನು ಬೆಚ್ಚಗಾದಷ್ಟೂ ಬೆನ್ನ ಹಿಂದಿನವು ತಣ್ಣಗಾಗುತ್ತವೆ. ಆದ್ದರಿಂದ ಮೊದಲು ಆಲ್ಟರ್ನೇಟರ್ ಹಾಕಿಸು, ಆಮೇಲೆ ಸುಖ ಕೇಳು ಎಂಬುದು ವಿಧಿವಾಕ್ಯ.

ತಂತಿಗಳಿಗೂ ವರ್ಣವ್ಯವಸ್ಥೆಯಿದೆ. ಕಂದು ಬಣ್ಣದ್ದು ಬ್ಯಾಟರಿಯಿಂದ ಫ್ಯೂಸಿಲ್ಲದೆ ಬಂದದ್ದು. ಬಿಳಿಯದು ಕೀ ತಿರುಗಿಸಿದ ಮೇಲೆ, ಅದಕ್ಕೂ ಫ್ಯೂಸಿಲ್ಲ. ಹಸಿರು ಕೀ ಮತ್ತು ಫ್ಯೂಸು ಎರಡೂ ದಾಟಿ ಬಂದ ಸಂಸ್ಕಾರವಂತ. ಅರುವತ್ತು ವರ್ಷದ ಎಣ್ಣೆ, ಧೂಳಿನ ನಂತರ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿ ಜಾತಿವಿನಾಶ ಆಗಿರುವುದು ಬೇರೆ ಮಾತು. ಹಸಿರಿನಿಂದ ರಿಲೇಗೆ ಸನ್ನೆ ಮಾತ್ರ ಕೊಡಿಸಿ, ಕಾಯಿಸುವ ಕರೆಂಟನ್ನು ಬ್ಯಾಟರಿಯಿಂದ ದಪ್ಪ ಹೊಸ ತಂತಿಯಲ್ಲಿ, ಸ್ವಂತ ಫ್ಯೂಸಿನ ಮೂಲಕ ತರಬೇಕು. ಬ್ಯಾಟರಿಗೆ ನೇರ ಕಟ್ಟಿದವನು ಸ್ವಿಚ್ಚು ಮರೆತು ಮಲಗಿದರೆ ಬೆಳಿಗ್ಗೆ ಸೀಟು ಬೆಚ್ಚಗಿರುತ್ತದೆ, ಕಾರು ಹೊರಡುವುದಿಲ್ಲ.

ಪ್ರಯೋಗ ಭಾಗ ಕಠಿಣ. ಸೀಟಿನ ನಾಲ್ಕು ಬೋಲ್ಟು ಬಿಚ್ಚಬೇಕು, ಒಂದು ಮುರಿಯುತ್ತದೆ. ಕವರಿನ ಅಂಚಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ, ಒಣಗಿದ ಗೋಂದಿನಿಂದ ಬಟ್ಟೆ ಬಿಡಿಸುವಾಗ ಒಳಗಿನ ಫೋಮು ಹುರಿದ ರವೆಯಂತೆ ತೊಡೆಯ ಮೇಲೆ ಉದುರುತ್ತದೆ. ಹಾಗಾಗಿ ಹೊಸ ಫೋಮು. ಫೋಮು ಹೊಸದಾದರೆ ಹಳೆಯ ಕವರು ಕೂರದು, ಆದ್ದರಿಂದ ಹೊಸ ಕವರು. ಕಾವಿನ ಹಾಸನ್ನು ಫೋಮಿನ ಮೇಲೆ ನೆರಿಗೆ ಬೀಳದಂತೆ ಅಂಟಿಸಬೇಕು. ನೆರಿಗೆ ಬಿದ್ದಲ್ಲಿ ಕಾವು ಗಂಟುಕಟ್ಟಿ, ಕೂತವನು ಆ ಜಾಗವನ್ನು ಹೆಸರು ಹಿಡಿದು ಹೇಳಬಲ್ಲನು. ಸೀಟು ಹಿಂದೆಮುಂದೆ ಸರಿಯುವಷ್ಟು ತಂತಿಗೆ ಸಡಿಲ ಬಿಡುವುದನ್ನು ಮರೆತವರು, ಗಿಡ್ಡ ಹೆಂಡತಿ ಸೀಟು ಮುಂದಕ್ಕೆಳೆದ ದಿನ ನೆನಪಿಸಿಕೊಳ್ಳುತ್ತಾರೆ.

ಅತಿಯಾದ ಸುಖಕ್ಕೆ ವೈದ್ಯಶಾಸ್ತ್ರದ ಎಚ್ಚರಿಕೆ ಉಂಟು. ಹದವಾದ ಕಾವೇ ಆದರೂ ಒಂದೇ ಜಾಗಕ್ಕೆ ದಿನವೂ ತಾಸುಗಟ್ಟಲೆ ತಾಗಿದರೆ ಚರ್ಮದ ಮೇಲೆ ಬಲೆಯಂಥ ಕಂದುಗೆಂಪು ಗುರುತು ಮೂಡುತ್ತದೆ. ಹಿಂದೆ ಒಲೆಯ ಮುಂದೆ ಕೂರುವವರ ಕಾಲಲ್ಲಿ ಕಾಣುತ್ತಿದ್ದ ಇದು ಕಾರಿನ ಸೀಟಿನಿಂದಲೂ ಬಂದದ್ದನ್ನು ವೈದ್ಯರು ದಾಖಲಿಸಿದ್ದಾರೆ. ತೋರಿಸಿಕೊಳ್ಳಲು ಬಾರದ ಜಾಗವಾದ್ದರಿಂದ ಪೂರ್ವಪಕ್ಷಿಗೆ ಸಾಕ್ಷ್ಯವಾಗಿ ಒದಗುವ ಭಯವಿಲ್ಲ.

ಉಳಿದದ್ದು ಪ್ರಮಾಣ ವಿಚಾರ. ಹಳೆಯ ಕಾರುಗಳ ಸ್ಪರ್ಧೆಯಲ್ಲಿ ತೀರ್ಪುಗಾರನು ಈ ದೋಷವನ್ನು ಹೇಗೆ ಹಿಡಿಯಬೇಕು? ಕಣ್ಣಿಗೆ ಕಾಣದು, ಸ್ವಿಚ್ಚನ್ನು ಬುದ್ಧಿವಂತರು ಆಶ್‌ಟ್ರೇಯ ಒಳಗೆ ಕೂರಿಸಿರುತ್ತಾರೆ. ಅನುಮಾನ ಪ್ರಮಾಣಕ್ಕೆ ಹೊಗೆ ಬೇಕು, ಹಳೆಯ ವೈರಿಂಗಿನಲ್ಲಿ ಹೊಗೆ ಕಂಡ ಮೇಲೆ ಯಾರೂ ತರ್ಕಕ್ಕೆ ನಿಲ್ಲುವುದಿಲ್ಲ, ಬಕೆಟ್ಟಿಗೆ ಓಡುತ್ತಾರೆ. ಮಾಲೀಕನ ಮಾತು ಆಪ್ತವಾಕ್ಯವಲ್ಲ. ಉಳಿದದ್ದು ಪ್ರತ್ಯಕ್ಷ, ಅದಕ್ಕೆ ಕೂತು ನೋಡಬೇಕು. ಅಕ್ಟೋಬರಿನ ಮುಂಜಾನೆ, ಒದ್ದೆ ಹುಲ್ಲಿನ ಮೈದಾನದಲ್ಲಿ ತೀರ್ಪುಗಾರ ಕೂರುತ್ತಾನೆ. ಕೂತವನು ಬೋಲ್ಟುಗಳನ್ನು ಪರೀಕ್ಷಿಸುತ್ತಾನೆ, ಸ್ಟೇರಿಂಗನ್ನು ಪರೀಕ್ಷಿಸುತ್ತಾನೆ, ಈಗಾಗಲೇ ಪರೀಕ್ಷಿಸಿದ ಬೋಲ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸುತ್ತಾನೆ, ಪಕ್ಕದ ಸೀಟಿನದೂ ಹೀಗೆಯೇ ಇದೆಯೇ ಎಂದು ಮೆಲ್ಲಗೆ ಕೇಳುತ್ತಾನೆ.