ಸ್ಟಾರ್ಟ್ ಮಾವ

ಉಚ್ಚಂಗಿದುರ್ಗದ ಜನ ಒಲೆ ಹಚ್ಚುತ್ತಾರೆ, ಎತ್ತು ಹೂಡುತ್ತಾರೆ, ಮನೆಗೆ ಪಾಯ ಹಾಕುತ್ತಾರೆ. ಮಾವ ಮಾತ್ರ ಏನಿದ್ದರೂ ಸ್ಟಾರ್ಟ್ ಮಾಡುವವನು. ಪಂಕ್ತಿಯಲ್ಲಿ ಅನ್ನ ಬಿದ್ದ ಕೂಡಲೇ "ಸ್ಟಾರ್ಟ್ ಮಾಡ್ರಪಾ" ಎಂದು ಅಪ್ಪಣೆ ಕೊಡುವುದೂ ಅವನೇ.

ಇಂಥವನೊಬ್ಬ ಕೊಟ್ಟೂರಲ್ಲೂ ಸಿಗುತ್ತಾನೆ, ಹಡಗಲಿಯಲ್ಲೂ ಸಿಗುತ್ತಾನೆ. ಕಿಸೆಯಲ್ಲಿ ಹೊಸ ಬಿಲ್ ಬುಕ್ಕು ಇದ್ದರೆ ಅವನೇ ಅನ್ನಿ. ಮೊದಲ ಹಾಳೆಗೆ ಅರಿಶಿನ ಕುಂಕುಮ, ನಡುವೆ ದಪ್ಪಗೆ 'ಶ್ರೀ'. ಎರಡನೇ ಹಾಳೆಯಿಂದ ಕಾರ್ಬನ್ ಕೂಡ ಕದಲಿಲ್ಲ.

ಕಾರದ ಪುಡಿ ಗಿರಣಿ, ಬೀಜ-ಗೊಬ್ಬರದ ಅಂಗಡಿ, ಕುರಿ ಫಾರ್ಮು ಎಲ್ಲಾ ಆದವು. ಪ್ರತಿಸಲವೂ ಗುಡ್ಡ ಹತ್ತಿ ಉಚ್ಚೆಂಗೆಮ್ಮನಿಗೆ ಕಾಯಿ ಒಡೆಸಿದ್ದಾನೆ. ಪೂಜೆಯ ದಿನ ಹೋಗಿ ಮಂಡಕ್ಕಿ-ಮಿರ್ಚಿ ತಿಂದು ಬಂದ ನಾವ್ಯಾರೂ ಮರುದಿನ ಗಿರಾಕಿಯಾಗಿ ಹೋಗಲಿಲ್ಲ ಅನ್ನುವುದೂ ಖರೆ.

ಯಾಕೆ ನಿಂತಿತು ಮಾವ ಎಂದರೆ ತಪ್ಪು ಸರ್ಕಾರದ್ದು. "ಬೋರ್ಡು ಬರೆಸೋದ್ರಾಗ ಜಿಲ್ಲೆನೇ ಬದ್ಲಾದ್ರ ನಾ ಏನ್ ಮಾಡ್ಲಿ?" ಇದರಲ್ಲಿ ಸುಳ್ಳಿಲ್ಲ. ನಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, 2018ರಲ್ಲಿ 371ಜೆ ಸವಲತ್ತಿನ ಆಸೆಗೆ ತಿರುಗಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಮಾವನ ಅಟ್ಟದ ಮೇಲೆ ಮೂರೂ ಜಿಲ್ಲೆಯ ತಗಡಿನ ಬೋರ್ಡುಗಳಿವೆ. ಸರ್ಕಾರ ಕೊಟ್ಟ ಎರಡು ದಶಕದಲ್ಲಿ ದಾವಣಗೆರೆ ಬೋರ್ಡಿನ ಕೆಳಗೆ ಅಂಗಡಿ ಬಾಗಿಲು ಎಷ್ಟು ದಿನ ತೆರೆದಿತ್ತು ಎಂದು ಮಾತ್ರ ಕೇಳಬಾರದು.

ನಡುವೆ ಕೋಟೆಯ ಇತಿಹಾಸ ಬರೆಯುವುದನ್ನೂ ಸ್ಟಾರ್ಟ್ ಮಾಡಿದ್ದ. ನೊಳಂಬವಾಡಿಯ ಪಾಂಡ್ಯರು ದುರ್ಗದಲ್ಲಿ ರಾಜ್ಯವಾಳುವ ತನಕ ಜೋರಾಗಿಯೇ ಓಡಿದ ಪೆನ್ನು ಅಲ್ಲಿಗೇ ನಿಂತಿದೆ. ಕೋಟೆ ಗೆಲ್ಲಬೇಕಾದ ಹೊಯ್ಸಳ ವೀರಬಲ್ಲಾಳ ದಂಡು ಕಟ್ಟಿಕೊಂಡು ಗುಡ್ಡದ ಕೆಳಗೆ ಇನ್ನೂ ಕಾಯುತ್ತಿದ್ದಾನೆ.

ಮೊನ್ನೆ ಕಟ್ಟೆಯ ಮೇಲೆ ಮಾವ ಘೋಷಿಸಿದ: "ಸೋಮಾರದಿಂದ ಡೈರಿ ಸ್ಟಾರ್ಟ್. ಹತ್ತು ಎಮ್ಮಿ."

ಅತ್ತೆ ಒಳಗಿಂದಲೇ ಕೂಗಿದಳು: "ಮದ್ಲು ಹೊಲಕ್ಕ ಹೋಗಿ ಮೋಟ್ರು ಬಂದ್ ಮಾಡ್ರಿ! ರಾತ್ರಿ ತ್ರೀ ಫೇಸ್ ಬಂದಾಗ ಒತ್ತಿ ಬಂದೀರಿ, ಬಾಜೂ ಹೊಲದವ್ರ ಮೆಕ್ಕಿಜ್ವಾಳ ಮೊಣಕಾಲುದ್ದ ನೀರಾಗ ನಿಂತೈತಂತ!"

ಮಾವ ಟವೆಲ್ ಕೊಡವಿ ಎದ್ದ. ಬೈಕು ಸ್ಟಾರ್ಟ್ ಆಯಿತು. "ಅಲ್ಲಲೇ," ಎಂದ ನನ್ನ ಕಡೆ ತಿರುಗಿ, "ಅಷ್ಟು ನೀರೈತಿ ಅಂದ್ರ ಮೀನಾ ಯಾಕ ಸಾಕಬಾರ್ದು?"