ತಾಳಬೆಟ್ಟ ಹತ್ತಿದ ಇಟಲಿಯವರು

ಕೊಳ್ಳೇಗಾಲದಲ್ಲಿ ಫೆರಾರಿ ಇತ್ತೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದು ಥಟ್ಟನೆ ಹೇಳಿಬಿಡಬೇಡಿ. ಫೆರಾರಿ ಇರಲಿಲ್ಲ, ನಿಜ; ಅದರ ದಾಯಾದಿ ಇತ್ತು. ಬಹಳ ಕಾಲ ಛತ್ರಗಳ ಮುಂದೆ ಸೇವಂತಿಗೆ ಹಾರ ಹಾಕಿಕೊಂಡು, ಹಿಂದಿನ ಗಾಜಿಗೆ ಗಂಡುಹೆಣ್ಣಿನ ಹೆಸರು ಅಂಟಿಸಿಕೊಂಡು, ಹೆಣ್ಣು ಅತ್ತು ಮುಗಿಸುವುದನ್ನೇ ಕಾಯುತ್ತ ನಿಂತಿರುತ್ತಿತ್ತು. ಹೆಣ್ಣು ಯಳಂದೂರಿಗೆ ಹೊರಟರೂ ಅದೇ ಕಾರು, ಹನೂರಿಗೆ ಹೊರಟರೂ ಅದೇ ಕಾರು. ಹಿಂದಿನ ಸೀಟಿನಲ್ಲಿ ಗಂಡು, ಹೆಣ್ಣು, ಹೆಣ್ಣಿನ ಜೊತೆ ಕಳಿಸುವ ಅಜ್ಜಿ, ಅಜ್ಜಿಯ ತೊಡೆಯ ಮೇಲೆ ಯಾರದೋ ಮಗು. ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇದ್ದುದರಿಂದ ಮುಂದಿನ ಉದ್ದ ಸೀಟಿನಲ್ಲಿ ಡ್ರೈವರ್ ಜೊತೆಗೆ ಇಬ್ಬರು ಭಾವಮೈದುನರು, ಅವರ ನಡುವೆ ಬಾಳೆಹಣ್ಣಿನ ಬುಟ್ಟಿ. ಕಾರು ಹೊರಟ ಮೇಲೂ ಕಿಟಕಿಯಿಂದ ಒಬ್ಬರು ಚೊಂಬು ಒಳಗೆ ತುರುಕುತ್ತಿದ್ದರು.

ಅದು ಪದ್ಮಿನಿ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಕಟ್ಟುತ್ತಿದ್ದ ಇಟಲಿಯ ಫಿಯಟ್ 1100. ಪದ್ಮಿನಿ ಎಂದು ನಾಮಕರಣವಾದದ್ದು 1970ರ ದಶಕದಲ್ಲಿ. ನಮ್ಮ ಕಡೆಯವರು ಕೊನೆಯವರೆಗೂ ‘ಫಿಯೇಟು’ ಎಂದೇ ಕರೆದರು. ಅದರ ಇಂಜಿನ್ 1089 ಸಿಸಿ. 1937ರಲ್ಲಿ ಟ್ಯೂರಿನ್ನಿನ ಫಿಯಟ್ ಕಾರ್ಖಾನೆಯಲ್ಲಿ ದಾಂತೆ ಜಿಯಕೋಸ ಎಂಬ ಮೂವತ್ತೆರಡರ ಇಂಜಿನಿಯರ್ 508 ಸಿ ಎಂಬ ಕಾರು ಮಾಡಿದ್ದ. ಅದರ ಇಂಜಿನ್ನೂ 1089 ಸಿಸಿ. ಎರಡೂ ಒಂದೇ ಬೀಜ.

ಈಗ ದಾಯಾದಿಯ ಕತೆ. 1939ರಲ್ಲಿ ಎಂಜೊ ಫೆರಾರಿ ಆಲ್ಫಾ ರೋಮಿಯೊ ಕಂಪನಿಯಿಂದ ಪಾಲಾಗಿ ಹೊರಬಿದ್ದ. ನಾಲ್ಕು ವರ್ಷ ತನ್ನ ಹೆಸರಿನಲ್ಲಿ ರೇಸಿಗೆ ಇಳಿಯಕೂಡದು ಎಂಬುದು ಕರಾರು. ಹಟಮಾರಿ ಮನುಷ್ಯ, ಸುಮ್ಮನೆ ಕೂರುತ್ತಾನೆಯೇ? ಆಲ್ಬರ್ತೊ ಮಸ್ಸಿಮಿನೊ ಎಂಬ ಇಂಜಿನಿಯರನ್ನು ಇಟ್ಟುಕೊಂಡು ತನ್ನ ಹೆಸರಿಲ್ಲದ ಒಂದು ಕಾರು ಮಾಡಿಸಿದ. ಹೊಸ ಇಂಜಿನ್ನನ್ನು ಬುಡದಿಂದ ಕಟ್ಟುವಷ್ಟು ಪುರುಸೊತ್ತಿರಲಿಲ್ಲ. ಅದೇ ಫಿಯಟ್ 1100ರ ಎರಡು ಸಿಲಿಂಡರ್ ಹೆಡ್ಡುಗಳನ್ನು ಒಂದರ ಹಿಂದೊಂದು ಕೂರಿಸಿ ಎಂಟು ಸಿಲಿಂಡರಿನ ಒಂದೂವರೆ ಲೀಟರ್ ಇಂಜಿನ್ ಮಾಡಿದರು. ಹೆಸರು 815. 1940ರ ಏಪ್ರಿಲ್‌ನಲ್ಲಿ ಬ್ರೆಷಾ ರೇಸಿಗೆ ಎರಡು ಕಾರು ಹೊರಟವು. ಒಂದನ್ನು ಓಡಿಸಿದವನು ಮುಂದೆ ಎರಡು ಸಲ ವಿಶ್ವ ಚಾಂಪಿಯನ್ ಆದ ಆಲ್ಬರ್ತೊ ಅಸ್ಕಾರಿ. ಎರಡೂ ಗುರಿ ಮುಟ್ಟಲಿಲ್ಲ. ಫೆರಾರಿ ಸ್ವಂತಕ್ಕೆ ಮಾಡಿಸಿದ ಮೊದಲ ಕಾರಿನ ತಲೆಯೂ, ನಮ್ಮ ಮದುವೆ ಕಾರಿನ ತಲೆಯೂ ಒಂದೇ ಮನೆತನದವು ಅಂದಮೇಲೆ, ಫೆರಾರಿ ಎಂದರೆ ಬಾಯಿ ಬಿಡುವವರ ಮುಂದೆ ಕೊಳ್ಳೇಗಾಲದವರು ಸ್ವಲ್ಪ ಕಾಲು ಚಾಚಿ ಕೂರಬಹುದು.

ಈ ಜಿಯಕೋಸನ ಬಗ್ಗೆ ನನಗೊಂದು ಪಕ್ಷಪಾತ ಇದೆ. ಇಟಲಿಯ ಕಾರಿನ ದೊಡ್ಡವರ ಹೆಸರು ಬಂದಾಗಲೆಲ್ಲ ಕೆಂಪು ಕಾರಿನವರೇ ಮುಂದೆ ಬರುತ್ತಾರೆ. ಹನ್ನೆರಡು ಸಿಲಿಂಡರಿನ ಕೊಲಂಬೊ, 250 ಜಿಟಿಒ ಮಾಡಿದ ಬಿಜ್ಜಾರಿನಿ. ಮಾಡಲಿ, ದೊಡ್ಡವರೇ. ಆದರೆ ಕಾಸಿಲ್ಲದವನಿಗೆ ಕಾರು ಮಾಡುವುದು ಕಾಸಿದ್ದವನಿಗೆ ಮಾಡುವುದಕ್ಕಿಂತ ಕಷ್ಟ. ಕೂದಲೆಳೆಯ ಲೆಕ್ಕದಲ್ಲಿ ತಗಡು ಉಳಿಸಬೇಕು, ಪೆಟ್ರೋಲು ಉಳಿಸಬೇಕು, ಕೆಟ್ಟರೆ ದಾರಿಬದಿಯಲ್ಲೇ ಬಿಚ್ಚುವಂತಿರಬೇಕು. ಜಿಯಕೋಸ ಜೀವಮಾನವಿಡೀ ಮಾಡಿದ್ದು ಅದನ್ನೇ. ಅವನಿಗೆ ರೇಸಿನ ಚಟ ಇರಲಿಲ್ಲವೆಂದಲ್ಲ. ಯುದ್ಧದ ಕೊನೆಯಲ್ಲಿ, ಫಿಯಟ್ ಕೆಲಸ ಮುಗಿದ ಮೇಲಿನ ಹೊತ್ತಿನಲ್ಲಿ ಪಿಯೆರೊ ದೂಸಿಯೊ ಎಂಬ ಶ್ರೀಮಂತನಿಗೆ ಚಿಸಿತಾಲಿಯ ಡಿ46 ಎಂಬ ಪುಟ್ಟ ರೇಸು ಕಾರು ಬರೆದುಕೊಟ್ಟ. ಇಂಜಿನ್? ಮತ್ತೆ ಅದೇ 1100.

ದೂಸಿಯೊ ದುಡ್ಡು ಮಾಡಿದ್ದು ಬಟ್ಟೆ ವ್ಯಾಪಾರದಲ್ಲಿ. ಇದನ್ನು ಓದಿದಾಗ ನನಗೆ ದೇವಾಂಗಪೇಟೆ ನೆನಪಾಯಿತು. ನಮ್ಮ ಊರಿನ ರೇಷ್ಮೆ ದುಡ್ಡು ಹೋಗುವ ದಾರಿಗಳು ನಿಗದಿಯಾಗಿವೆ: ಮನೆ ಮೇಲೊಂದು ಮನೆ, ಮೈಸೂರಿನಲ್ಲೊಂದು ಸೈಟು, ಮಗಳ ಮದುವೆ, ಮಾದಪ್ಪನಿಗೊಂದು ಸೇವೆ. ರೇಸು ಕಾರಿಗೆ ಹಾಕಿದವರನ್ನು ಕಾಣೆ. ದೂಸಿಯೊ ಹಾಕಿದ, ಪೋರ್ಷೆ ಮನೆಯವರಿಂದ ದುಬಾರಿಯ ಗ್ರ್ಯಾನ್ ಪ್ರಿ ಕಾರನ್ನೂ ಮಾಡಿಸಲು ಹೋದ, ಕಂಪನಿ ಮುಳುಗಿತು, ಅರ್ಜೆಂಟೀನಾಕ್ಕೆ ಹೊರಟ. ರೇಷ್ಮೆಯ ಮಾತು ಬಂತೆಂದು ಹೇಳುತ್ತೇನೆ: ಇಟಲಿಯಿಂದ ಈ ಸೀಮೆಗೆ ಮೊದಲು ಬಂದದ್ದು ಕಾರಲ್ಲ. 1913ರ ಸುಮಾರಿಗೇ ಮೈಸೂರು ಸಂಸ್ಥಾನದವರು ವಾಷಿಂಗ್ಟನ್ ಮಾರಿ ಎಂಬ ಇಟಲಿಯ ರೇಷ್ಮೆ ತಜ್ಞನನ್ನು ಕರೆಸಿಕೊಂಡಿದ್ದರು. ಇಟಲಿಯವನಿಗೆ ಅಮೆರಿಕದ ಹೆಸರು, ಕೆಲಸ ಮೈಸೂರು ಹುಳುವಿನ ಮೇಲೆ. ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಾದ್ದರಿಂದ ಅವನ ಉಪದೇಶಕ್ಕೆ ನಾವು ಹಕ್ಕುದಾರರಾಗಿರಲಿಲ್ಲ.

ಆ ಡಿ46 ಕಾರಿನ ಒಂದು ಪ್ರಸಂಗ ನನಗೆ ಬಹಳ ಇಷ್ಟ. 1946ರಲ್ಲಿ ಟ್ಯೂರಿನ್ನಿನ ಪಾರ್ಕಿನಲ್ಲಿ ರೇಸು. ಓಡಿಸುತ್ತಿದ್ದವನು ತಾಝಿಯೊ ನುವೊಲಾರಿ, ಐವತ್ತು ದಾಟಿದ ದಂತಕತೆ. ನಡುದಾರಿಯಲ್ಲಿ ಸ್ಟೀರಿಂಗು ಚಕ್ರ ಕಿತ್ತು ಕೈಗೆ ಬಂತು. ನುವೊಲಾರಿ ಅದನ್ನು ಒಂದು ಕೈಯಲ್ಲಿ ಎತ್ತಿ ತನ್ನ ಕಡೆಯವರಿಗೆ ಆಡಿಸಿ ತೋರಿಸಿ, ಇನ್ನೊಂದು ಕೈಯಲ್ಲಿ ಮೊಂಡು ಕಂಬವನ್ನು ಹಿಡಿದು ತಿರುಗಿಸುತ್ತ ಹೋದ. ಇಟಲಿಯವರು ಇದನ್ನು ಪವಾಡದಂತೆ ಹೇಳಿಕೊಳ್ಳುತ್ತಾರೆ. ರಾಮಾಪುರದ ಕಡೆ ಓಡಾಡುತ್ತಿದ್ದ ಹಳೆಯ ಖಾಸಗಿ ಬಸ್ಸುಗಳಲ್ಲಿ ಗೇರಿನ ರಾಡು ಕಿತ್ತು ಕೈಗೆ ಬರುವುದು, ಡ್ರೈವರ್ ಅದನ್ನು ಕಂಡಕ್ಟರ್ ಕೈಗೆ ಕೊಟ್ಟು ‘ಇದ ಇಟ್ಕೊಳ್ಳಲಾ’ ಎಂದು ಅದೇ ಗೇರಿನಲ್ಲಿ ಕೌದಳ್ಳಿ ಮುಟ್ಟಿಸುವುದು, ಟಿಕೆಟಿನೊಳಗೇ ಸೇರಿದ ಸಂಗತಿಯಾಗಿತ್ತು.

ಕರ್ನಾಟಕದ ಬೇರೆ ಭಾಗದವರಿಗೆ ಕೊಳ್ಳೇಗಾಲ ಎಂದ ತಕ್ಷಣ ನೆನಪಾಗುವುದು ಮಾಟ ಮಂತ್ರ. ಹುಬ್ಬಳ್ಳಿಯ ಕಡೆ ಊರು ಹೇಳಿದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನಾನು ಕಣ್ಣಾರೆ ಕಂಡ ಮಾಂತ್ರಿಕರೆಲ್ಲ ಗ್ಯಾರೇಜಿನಲ್ಲಿದ್ದರು. ನಮ್ಮ ಮೇಸ್ತ್ರಿ ಬಾನೆಟ್ಟು ಎತ್ತಿ, ಇಂಜಿನ್ ಸ್ಟಾರ್ಟ್ ಮಾಡಿಸಿ, ಮೊಳದುದ್ದದ ಸ್ಕ್ರೂಡ್ರೈವರಿನ ಮೊನೆಯನ್ನು ಇಂಜಿನ್ನಿನ ಮೈಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಬೀಡಿ ಹಚ್ಚಲು ಹೊರಟ ಹುಡುಗ ಕಡ್ಡಿ ಗೀರದೆ ನಿಂತುಬಿಡುತ್ತಿದ್ದ. ‘ಮೂರ್ನೇದ್ರಲ್ಲಿ ಟ್ಯಾಪೆಟ್ ಸೌಂಡ್ ಬತ್ತಾ ಅದೆ ಸಾ. ಪಾಯಿಂಟೂ ಸುಟ್ಟೋಗದೆ.’ ಆಮೇಲೆ ಪಾಯಿಂಟನ್ನು ಉಪ್ಪುಕಾಗದದಿಂದ ಉಜ್ಜಿ, ಸಂದಿನಲ್ಲಿ ಬೆಂಕಿಪೊಟ್ಟಣದ ರಟ್ಟು ತೂರಿಸಿ ಗ್ಯಾಪು ಅಳೆದು, ಸ್ಕ್ರೂ ಬಿಗಿದು, ‘ಹೊಡೀಲಾ’ ಎಂದರೆ ಇಂಜಿನ್ ಒಂದೇ ಸಲಕ್ಕೆ ಎದ್ದು ಕೂರುತ್ತಿತ್ತು. ಯಾರು ಮಾಡಿದ ಇಂಜಿನ್ ಎಂದು ಅವನು ಯಾವತ್ತೂ ಕೇಳಿದವನಲ್ಲ. ಜಿಯಕೋಸ 1996ರವರೆಗೆ ಬದುಕಿದ್ದ. ಒಂದು ಸಲ ಕೊಳ್ಳೇಗಾಲಕ್ಕೆ ಬಂದಿದ್ದರೆ ಇಬ್ಬರಿಗೂ ಭಾಷೆಯ ತೊಂದರೆ ಅರ್ಧ ಗಂಟೆಗಿಂತ ಹೆಚ್ಚು ಇರುತ್ತಿರಲಿಲ್ಲ.

ಗ್ಯಾರೇಜಿನ ಪಕ್ಕದಲ್ಲೇ ಟಿಂಕರಿಂಗ್ ಅಂಗಡಿ. ನುಗ್ಗಿದ ತಗಡಿನ ಹಿಂದೆ ಕಬ್ಬಿಣದ ಡಾಲಿ ಹಿಡಿದು ಮುಂದಿನಿಂದ ಸುತ್ತಿಗೆಯಲ್ಲಿ ಟಣಟಣ ತಟ್ಟುತ್ತ, ಆಗಾಗ ಅಂಗೈ ಸವರಿ ಉಬ್ಬು ನೋಡುವ ಕೆಲಸ. ಮಧ್ಯಾಹ್ನದ ನಿದ್ದೆಗೆ ಕಡುಶತ್ರು. ಮೊದೆನಾದಲ್ಲಿ ಸೆರ್ಜಿಯೊ ಸ್ಕಾಲಿಯೆತ್ತಿ ಎಂಬಾತ ಚಿಕ್ಕ ಹುಡುಗನಾಗಿದ್ದಾಗಲೇ ಇದೇ ಕೆಲಸಕ್ಕೆ ಸೇರಿದ. ಆಮೇಲೆ ಅವನ ಅಂಗಡಿಗೇ ಫೆರಾರಿಯ ರೇಸು ಕಾರುಗಳ ಮೈ ತಟ್ಟುವ ಕೆಲಸ ಬಂತು. ಮರಳು ಚೀಲದ ಮೇಲೆ ಅಲ್ಯುಮಿನಿಯಂ ತಗಡು ಇಟ್ಟು, ನಕ್ಷೆಗಿಂತ ಕಣ್ಣನ್ನೇ ನೆಚ್ಚಿ ತಟ್ಟುತ್ತಿದ್ದ. ಇಂದು ಹರಾಜಿನಲ್ಲಿ ನೂರಾರು ಕೋಟಿಗೆ ಹೋಗುವ 250 ಜಿಟಿಒ ಕಾರಿನ ಸೊಂಟದ ಬಳುಕು ಆ ಸುತ್ತಿಗೆಯದು. ನಮ್ಮ ಟಿಂಕರಿಂಗ್ ಹುಡುಗರಿಗೆ ಇದನ್ನು ಹೇಳಿ ಉಬ್ಬಿಸಬೇಕೆಂದು ಅನ್ನಿಸುತ್ತದೆ. ಕೂಲಿ ಏರಿಸಿಯಾರು ಎಂಬ ಭಯದಿಂದ ಹೇಳಿಲ್ಲ.

ಟ್ಯೂರಿನ್ನಿನ ಇನ್ನೊಬ್ಬ ತಗಡಿನ ದೊರೆ ಬತ್ತಿಸ್ತ ಫರೀನ. ಹನ್ನೊಂದು ಮಕ್ಕಳಲ್ಲಿ ಹತ್ತನೆಯವನು. ಮನೆಯಲ್ಲಿ ‘ಪಿನಿನ್’ ಎಂದು ಕೂಗುತ್ತಿದ್ದರು. ನಮ್ಮಲ್ಲಿ ಚಿಕ್ಕೋನು, ಮರಿಗೌಡ ಎನ್ನುವುದಿಲ್ಲವೇ, ಹಾಗೆ. ಜಿಯಕೋಸನ 1100 ಇಂಜಿನ್ನಿನ ಮೇಲೆ ಅವನು ಹೊದಿಸಿದ ಚಿಸಿತಾಲಿಯ 202ರ ಮೈಯನ್ನು 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನವರು ಕಲಾಕೃತಿ ಎಂದು ಪ್ರದರ್ಶನಕ್ಕೆ ಇಟ್ಟರು. 1961ರಲ್ಲಿ ಇಟಲಿ ಸರ್ಕಾರ ಅವನ ಅಡ್ಡಹೆಸರನ್ನೇ ಮನೆತನದ ಹೆಸರಿಗೆ ಸೇರಿಸಿ ‘ಪಿನಿನ್‌ಫರೀನ’ ಎಂದು ಅಧಿಕೃತ ಮಾಡಿತು. ರೇಷನ್ ಕಾರ್ಡಿನಲ್ಲಿ ಒಂದು, ಆಧಾರದಲ್ಲಿ ಒಂದು, ಊರವರ ಬಾಯಲ್ಲಿ ಇನ್ನೊಂದು ಹೆಸರಿರುವ ನಮ್ಮವರು ತಾಲ್ಲೂಕು ಕಚೇರಿ ಸುತ್ತುವುದನ್ನು ನೋಡಿದಾಗ ಆ ಸರ್ಕಾರದ ಮೇಲೆ ಗೌರವ ಹೆಚ್ಚುತ್ತದೆ. ಈಚೆಗೆ ಆ ಕಂಪನಿಯನ್ನು ನಮ್ಮ ಮಹೀಂದ್ರದವರೇ ಕೊಂಡರು.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದರೂ ಮದರಾಸಿನ ನಂಟು ಥಟ್ಟನೆ ಬಿಡಲಿಲ್ಲ. 1961ರಿಂದ ಅಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಡಾಕ್ಟರುಗಳು, ವಕೀಲರು ಇಟ್ಟುಕೊಂಡಿದ್ದರು. ಎಲ್ಲರೂ ಅದನ್ನು ಇಂಗ್ಲಿಷರ ಕಾರು ಎಂದುಕೊಂಡಿದ್ದರು. ಇಂಜಿನ್ ಇಂಗ್ಲಿಷರದು, ರೂಪ ಬರೆದವನು ಟ್ಯೂರಿನ್ನಿನ ಜೊವಾನಿ ಮಿಕೆಲೊತ್ತಿ. ವಿನ್ಯಾಲೆ ಅಂಗಡಿಗಾಗಿ ಫೆರಾರಿಗಳನ್ನು ಬರೆದ ಕೈಯೇ. ಹೆರಾಲ್ಡಿನ ಮೂತಿ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಮೆಕ್ಯಾನಿಕ್ ಟೈರಿನ ಮೇಲೆ ಆರಾಮಾಗಿ ಕುಳಿತು, ಕಾಫಿ ಲೋಟವನ್ನು ಬ್ಯಾಟರಿಯ ಪಕ್ಕ ಇಟ್ಟುಕೊಂಡು ಕೆಲಸ ಮಾಡಬಹುದಾಗಿತ್ತು. ಇಷ್ಟು ದಯೆ ಈಗಿನ ಕಾರುಗಳಲ್ಲಿ ಇಲ್ಲ.

ಸ್ಕೂಟರಿನವನನ್ನು ಬಿಟ್ಟರೆ ಅನ್ಯಾಯ. ಬಜಾಜ್ ಚೇತಕ್‌ನ ಮೂಲ ವೆಸ್ಪ. ಅದನ್ನು 1946ರಲ್ಲಿ ಬರೆದ ಕೊರ್ರಾದಿನೊ ದಸ್ಕಾನಿಯೊ ಹೆಲಿಕಾಪ್ಟರಿನ ಮನುಷ್ಯ. 1930ರಲ್ಲೇ ಅವನ ಯಂತ್ರ ಹದಿನೆಂಟು ಮೀಟರ್ ಎತ್ತರಕ್ಕೆ ಏರಿ ದಾಖಲೆ ಮಾಡಿತ್ತು. ಅವನಿಗೆ ಮೋಟಾರ್ ಸೈಕಲ್ ಕಂಡರಾಗದು: ಬಟ್ಟೆಗೆ ಎಣ್ಣೆ ಸಿಡಿಯುತ್ತದೆ, ಪಂಕ್ಚರಾದರೆ ಚಕ್ರ ಬಿಚ್ಚುವುದು ರಗಳೆ. ಅದಕ್ಕೇ ವಿಮಾನದ ಕಾಲಿನ ಹಾಗೆ ಮುಂದಿನ ಚಕ್ರವನ್ನು ಒಂದೇ ಪಕ್ಕದಿಂದ ಹಿಡಿಸಿದ. ಬಿಳಿಪಂಚೆಯ ಮೇಷ್ಟ್ರುಗಳು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಕಾಲ ಬಳಿ ತೆಂಗಿನಕಾಯಿ ಚೀಲ ಇಟ್ಟುಕೊಂಡು ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬಂದದ್ದು ಆ ಸಿಡುಕಿನ ಕೃಪೆಯಿಂದ. ಬೆಳಗ್ಗೆ ಅದನ್ನು ಒಂದು ಪಕ್ಕಕ್ಕೆ ವಾಲಿಸಿ, ಎದೆಗವಚಿಕೊಂಡು ಅರೆಗಳಿಗೆ ನಿಂತು, ಆಮೇಲೆ ಕಿಕ್ ಹೊಡೆಯುವ ಶಾಸ್ತ್ರ ಮಾತ್ರ ಇಟಲಿಯ ಯಾವ ಕೈಪಿಡಿಯಲ್ಲೂ ಇರಲಾರದು.

ಜಿಯಕೋಸನ ಇನ್ನೊಂದು ಉಪಕಾರ ಇದೆ. 1955ರಲ್ಲಿ ಚಿತ್ರಕಲೆ ಓದುತ್ತಿದ್ದ ಹದಿನೇಳರ ಹುಡುಗನೊಬ್ಬ ಬರೆದ ಕಾರಿನ ಚಿತ್ರಗಳನ್ನು ನೋಡಿ ಫಿಯಟ್‌ಗೆ ಸೇರಿಸಿಕೊಂಡ. ಅವನೇ ಜೊರ್ಜೆತ್ತೊ ಜುಜಾರೊ. ತಾತ, ಅಪ್ಪ ಚರ್ಚಿನ ಗೋಡೆಗೆ ಚಿತ್ರ ಬರೆಯುತ್ತಿದ್ದವರು. ಮುಂದೆ ಮಸೆರಾಟಿ ಗಿಬ್ಲಿ, ಬೋರಾ ಬರೆದ. ಫಿಯಟ್‌ಗೆಂದು ಒಂದು ಮೊಟ್ಟೆಯಾಕಾರದ ಪುಟ್ಟ ಕಾರನ್ನೂ ಬರೆದುಕೊಟ್ಟ, ಅವರು ಒಲ್ಲೆವೆಂದರು. ಅದೇ ಕೊರಿಯಾಕ್ಕೆ ಹೋಗಿ ದೇವೂ ಮಟೀಜ್ ಆಗಿ 1998ರಲ್ಲಿ ಇಂಡಿಯಾಕ್ಕೆ ಬಂತು. 1983ರಲ್ಲಿ ಜುಜಾರೊ ಪಾಸ್ತಾದ ಒಂದು ಆಕಾರವನ್ನೂ ರೂಪಿಸಿದ. ಅದು ಬಹಳ ದಿನ ಬಾಳಲಿಲ್ಲ. ಶ್ಯಾವಿಗೆ ಒರಳಿನ ಬಿಲ್ಲೆಯ ತೂತು ಎಷ್ಟು ದಪ್ಪ ಇರಬೇಕೆಂದು ಹನೂರಿನ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು.

ಮಾದಪ್ಪನ ಬೆಟ್ಟಕ್ಕೆ ಬಾಡಿಗೆಗೆ ಹೋಗುವ ಬಿಳಿ ಇಂಡಿಕಾಗಳ ರೂಪವೂ ಟ್ಯೂರಿನ್ನಿನ ಐಡಿಯಾ ಸಂಸ್ಥೆಯದೇ. ಆಮೇಲೆ ಬಂದ ಸ್ವಿಫ್ಟ್ ಡಿಸೈರ್ ಡೀಸೆಲ್ ಟ್ಯಾಕ್ಸಿಗಳ 1.3 ಲೀಟರ್ ಇಂಜಿನ್ ಫಿಯಟ್ ಮೂಲದ್ದು. ತಾಳಬೆಟ್ಟದಲ್ಲಿ ನಿಲ್ಲಿಸಿ, ಈಡುಗಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ‘ಉಘೇ ಮಾದಪ್ಪ’ ಎಂದು ಮೊದಲ ಗೇರಿಗೆ ಹಾಕಿ ತಿರುವು ಹತ್ತುವ ಡ್ರೈವರಿಗೆ ಟ್ಯೂರಿನ್ನಿನ ಗೊಡವೆ ಬೇಕಿಲ್ಲ. ಹುಲಿಯನ್ನೇ ವಾಹನ ಮಾಡಿಕೊಂಡ ದೇವರ ಬೆಟ್ಟದಲ್ಲಿ ಯಾವ ಕಂಪನಿಯವರೂ ಹೆಚ್ಚು ಕೊಚ್ಚಿಕೊಳ್ಳುವಂತೆಯೂ ಇಲ್ಲ.

ಹನೂರಿನ ಹತ್ತಿರ ನನ್ನ ಸೋದರಮಾವನ ಜಮೀನಿದೆ. ಅವನಿಗೆ ಇವರೆಲ್ಲರ ಕತೆ ಹೇಳಿದಾಗ ಆಕಳಿಸುತ್ತ ಕೇಳಿಸಿಕೊಂಡ. ಲ್ಯಾಂಬೋರ್ಗಿನಿ ಮೊದಲು ಟ್ರಾಕ್ಟರ್ ಮಾಡುತ್ತಿದ್ದ ಎಂದ ಕೂಡಲೇ ಎದ್ದು ಕುಳಿತ. ಯುದ್ಧದಲ್ಲಿ ಉಳಿದ ಮಿಲಿಟರಿ ಸಾಮಾನುಗಳಿಂದ ಟ್ರಾಕ್ಟರ್ ಕಟ್ಟಿ ಫೆರುಚೊ ಲ್ಯಾಂಬೋರ್ಗಿನಿ ಸಾಹುಕಾರನಾದದ್ದು, ತನ್ನ ಫೆರಾರಿಯ ಕ್ಲಚ್ಚಿನ ಬಗ್ಗೆ ದೂರಲು ಹೋಗಿ ‘ನೀನು ಟ್ರಾಕ್ಟರ್ ನೋಡ್ಕೊ ಹೋಗು’ ಅನ್ನಿಸಿಕೊಂಡನೆಂದು ಜನ ಹೇಳುವ ಕತೆ, 1963ರಲ್ಲಿ ಸ್ವಂತ ಕಾರು ಕಂಪನಿ ತೆಗೆದದ್ದು, ಗೂಳಿಯ ಗುರುತು, 1966ರಲ್ಲಿ ಇನ್ನೂ ಮೂವತ್ತು ತುಂಬದ ಹುಡುಗರಾದ ದಲ್ಲಾರ, ಸ್ತನ್ಸಾನಿ, ಗಾಂದಿನಿ ಸೇರಿ ಮ್ಯೂರಾ ಕಾರು ತಂದದ್ದು, ಎಲ್ಲ ಹೇಳಿದೆ. ಫೋನಿನಲ್ಲಿ ಮ್ಯೂರಾದ ಚಿತ್ರವನ್ನೂ ತೋರಿಸಿದೆ.

‘ಎಷ್ಟ್ ಜನ ಕೂರಬೌದು?’

‘ಇಬ್ಬರು, ಮಾವ.’

‘ಟ್ರಾಕ್ಟರ್ ಮಾಡೋನು ಇದ್ಯಾಕಪ್ಪ ಮಾಡಕೋದ? ಆಮೇಲೇನಾದ?’

1970ರ ದಶಕದ ಮೊದಲಲ್ಲಿ ಟ್ರಾಕ್ಟರ್ ಕಂಪನಿಯನ್ನೂ ಕಾರು ಕಂಪನಿಯನ್ನೂ ಮಾರಿ, ಉಂಬ್ರಿಯಾದಲ್ಲಿ ಜಮೀನು ತೆಗೆದುಕೊಂಡು ದ್ರಾಕ್ಷಿ ಬೆಳೆದ, ವೈನ್ ಮಾಡಿದ ಎಂದೆ. ಮಾವನ ಮುಖ ಅರಳಿತು.

‘ಎಷ್ಟ್ ಅಡಿಗ್ ನೀರ್ ಬಿತ್ತಂತೆ?’