ಅಷ್ಟು ಸೀರೆಗೂ ಫಾಲ್ಸ್ ಹಾಕಿಸಿದ್ದರಾ?

ಬನಶಂಕರಿ ಎರಡನೇ ಹಂತದ ನಮ್ಮ ಚಿಕ್ಕಮ್ಮ ಬೊಂಬೆ ಕೂರಿಸಿದರೆ ನಾನು ತಪ್ಪದೆ ಹೋಗುತ್ತೇನೆ. ಬೊಂಬೆ ನೋಡುವ ವಯಸ್ಸೇನಲ್ಲ, ಅಲ್ಲಿ ಹಂಚುವ ಚರ್ಪಿನ ತಿಂಡಿಯ ಚಪಲ. 2014ರ ಸೆಪ್ಟೆಂಬರ್ 27, ಶನಿವಾರ, ನವರಾತ್ರಿಯ ಮೂರನೇ ದಿನ. ಅವತ್ತು ಹೋದರೆ ಪಟ್ಟದ ಬೊಂಬೆಗಳ ಮುಂದೆ ನರಪಿಳ್ಳೆಯಿಲ್ಲ. ಮನೆಯವರೆಲ್ಲ, ಸಾಲದ್ದಕ್ಕೆ ಅಕ್ಕಪಕ್ಕದ ಎರಡು ಮನೆಯವರು, ಟೀವಿಗೇ ಆರತಿ ಎತ್ತಲು ಬಂದವರ ಹಾಗೆ ಅದರ ಮುಂದೆ ಕೂತಿದ್ದರು.

ಪರಪ್ಪನ ಅಗ್ರಹಾರದ ವಿಶೇಷ ನ್ಯಾಯಾಲಯದಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಡಿ'ಕುನ್ಹ ತೀರ್ಪು ಕೊಟ್ಟಿದ್ದರು. ಆದಾಯ ಮೀರಿದ ಆಸ್ತಿ ಪ್ರಕರಣದಲ್ಲಿ ಆಗಿನ ತಮಿಳುನಾಡು ಮುಖ್ಯಮಂತ್ರಿ ಜಯಲಲಿತಾ ಅಪರಾಧಿ. ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ. ಬೊಂಬೆ ರಾಣಿಯರೆಲ್ಲ ಪೆಟ್ಟಿಗೆಯಿಂದ ಹೊರಗೆ ಬಂದ ವಾರದಲ್ಲೇ ಈ ರಾಣಿ ಒಳಗೆ ಹೋದರು.

ನಾನು ಗಮನಿಸಿದ ಸಂಗತಿ ಬೇರೆ. ಟೀವಿಯವರು "100 ಕೋಟಿ" ಎಂದು ಕಿರುಚಿದಾಗ ಯಾರೂ ಕದಲಲಿಲ್ಲ. 66 ಕೋಟಿ ಚಿಲ್ಲರೆಯ ಆಸ್ತಿಯ ಆರೋಪ ಅಂದಾಗ ಪಕ್ಕದ ಮನೆ ಅಜ್ಜಿ ಆಕಳಿಸಿದರು. ಆಮೇಲೆ ಜಯಲಲಿತಾ ಮನೆಯ ಮೇಲೆ ನಡೆದ 1996ರ ದಾಳಿಯ ಹಳೆಯ ಲೆಕ್ಕ ತೆರೆಯ ಮೇಲೆ ಬಂತು ನೋಡಿ: ಸೀರೆ 10,500, ಚಪ್ಪಲಿ 750 ಜೊತೆ, ಕೈಗಡಿಯಾರ 91. ಇಡೀ ಹಾಲ್ ಒಂದೇ ಉಸಿರಿಗೆ "ಅಯ್ಯೋ ದೇವ್ರೇ" ಎಂದಿತು. ಅಜ್ಜಿ ಎದ್ದು ಕನ್ನಡಕ ಹಾಕಿಕೊಂಡರು.

"ಅಷ್ಟಕ್ಕೂ ಫಾಲ್ಸ್ ಹಾಕ್ಸಿದ್ರಾ?" ಅಂದರು ಚಿಕ್ಕಮ್ಮ.

ನ್ಯಾಯಾಲಯದಲ್ಲಿ ಯಾರೂ ಕೇಳಿರಲಿಕ್ಕಿಲ್ಲದ ಪ್ರಶ್ನೆ. ಆದರೆ ಪ್ರಶ್ನೆ ಗಟ್ಟಿಯಾಗಿದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಸೀರೆಗೆ ಫಾಲ್ಸ್ ಹಾಕಿ, ಜಿಗ್‌ಜಾಗ್ ಹೊಡೆದು ಕೊಡಲು ಎರಡು ದಿನ ಕೇಳುತ್ತಾರೆ. ಕುಚ್ಚು ಕಟ್ಟಿಸಬೇಕೆಂದರೆ ವಾರ. ಮದುವೆ ಸೀಸನ್ನಾದರೆ "ಮುಂದಿನ ತಿಂಗಳು ಬನ್ನಿ ಮೇಡಂ". ಇಲ್ಲಿ ಒಂದು ಸೀರೆಗೇ ಹೀಗೆ ಅಲೆದಾಟ. ಹತ್ತೂವರೆ ಸಾವಿರಕ್ಕೆ? ಚಿಕ್ಕಮ್ಮನ ಮಗಳು ಮೊಬೈಲಿನಲ್ಲಿ ಭಾಗಿಸಿ ನೋಡಿ, ದಿನಕ್ಕೊಂದರಂತೆ ಉಟ್ಟರೂ ಇಪ್ಪತ್ತೆಂಟು ವರ್ಷ ಎಂಟೊಂಬತ್ತು ತಿಂಗಳು ಬೇಕು ಎಂದಳು. "ಒಂದ್ಸಲ ಉಟ್ಟಿದ್ದನ್ನ ಮತ್ತೆ ಉಡದೇ ಇದ್ರೆ ತಾನೇ" ಎಂದು ಅಜ್ಜಿ ತಿದ್ದಿದರು. ತಿಂಗಳಿಗೆ ಒಂದೇ ರೂಪಾಯಿ ಸಂಬಳ ತೆಗೆದುಕೊಂಡ ಮುಖ್ಯಮಂತ್ರಿ ಎಂಬ ಮಾತು ಬಂದಾಗ ಚಿಕ್ಕಮ್ಮ ತೀರ್ಪಿನ ಮೇಲೆ ತೀರ್ಪು ಕೊಟ್ಟರು: "ಒಂದು ರೂಪಾಯಿಗೆ ಒಂದು ಸೇಫ್ಟಿ ಪಿನ್ನೂ ಬರಲ್ಲ."

ನಮ್ಮ ದಕ್ಷಿಣ ಬೆಂಗಳೂರಿಗೆ ಕೋಟಿ ಅರ್ಥವಾಗುವುದಿಲ್ಲ, ಬೀರು ಅರ್ಥವಾಗುತ್ತದೆ. ದೊಡ್ಡವರ ಅಪರಾಧ ನಮ್ಮ ಬೀರುವಿನ ಅಳತೆಗೆ ಇಳಿದರೆ ಮಾತ್ರ ನಮಗೆ ಸಿಟ್ಟು ಬರುತ್ತದೆ. ಸಿಟ್ಟಿನ ಪಕ್ಕದಲ್ಲೇ ಸ್ವಲ್ಪ ಹೊಟ್ಟೆಯುರಿಯೂ ಕೂತಿರುತ್ತದೆ, ಅದನ್ನು ಮಾತ್ರ ಯಾರೂ ಒಪ್ಪಿಕೊಳ್ಳುವುದಿಲ್ಲ.

ಇನ್ನು ಚಿಕ್ಕಪ್ಪ. ಅವರಿಗೆ ಜಯಲಲಿತಾ ಎಂದರೆ "ನಮ್ಮ ಮೇಲುಕೋಟೆ ಹುಡುಗಿ". ಹುಟ್ಟಿದ್ದು 1948ರಲ್ಲಿ ಮೇಲುಕೋಟೆಯಲ್ಲಿ, ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ನಾಯಕಿಯಾಗಿ ಬಣ್ಣ ಹಚ್ಚಿದ್ದು ಬಿ.ಆರ್. ಪಂತುಲು ಅವರ ಕನ್ನಡ ಚಿತ್ರ 'ಚಿನ್ನದ ಗೊಂಬೆ'ಯಲ್ಲಿ, 1964ರಲ್ಲಿ. ಇಷ್ಟನ್ನೂ ಅವರು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ತೀರ್ಪು ಬಂದ ಐದು ನಿಮಿಷಕ್ಕೆ ಅದೇ ಚಿಕ್ಕಪ್ಪ, "ಅವರು ತಮಿಳುನಾಡಿನೋರು ಬಿಡು, ನಮಗೇನು" ಎಂದರು. ಅಕ್ಟೋಬರ್ 18ರಂದು ಜಾಮೀನಿನ ಮೇಲೆ ಬಿಡುಗಡೆಯಾದಾಗ ಮತ್ತೆ ಮೇಲುಕೋಟೆಗೇ ಬಂದರು: "ಚೆಲುವನಾರಾಯಣ ಅಷ್ಟು ಸುಲಭಕ್ಕೆ ಕೈಬಿಡ್ತಾನೇನೋ?" ಆ ಮೂರು ವಾರದಲ್ಲಿ ಒಬ್ಬ ಹೆಣ್ಣುಮಗಳ ಊರು ಎರಡು ಸಲ ಬದಲಾಯಿತು.

ಹೀಗೆ ನಮ್ಮವರು ಎಂದು ಹೇಳಿಕೊಳ್ಳುವ ಪೈಪೋಟಿ ಇನ್ನೊಂದು ಕಡೆಯಿಂದಲೂ ಇತ್ತು. ನಮ್ಮ ದರ್ಶಿನಿಯ ಗಲ್ಲಾದಲ್ಲಿ ಕೂರುವವರು ಕರಾವಳಿಯವರು. ವಿಶೇಷ ಸರ್ಕಾರಿ ಅಭಿಯೋಜಕರಾಗಿದ್ದ ಬಿ.ವಿ. ಆಚಾರ್ಯರು ಉಡುಪಿ ಕಡೆಯವರು, ಡಿ'ಕುನ್ಹ ಮಂಗಳೂರು ಕಡೆಯವರು. ಆ ವಾರವೆಲ್ಲ ಟೋಕನ್ ಹರಿದು ಕೊಡುವಾಗ ಅವರು ಚಿಲ್ಲರೆಯ ಜೊತೆ ಈ ಮಾಹಿತಿಯನ್ನೂ ಕೊಡುತ್ತಿದ್ದರು. "ನಮ್ಮೋರು ಲೆಕ್ಕದಲ್ಲಿ ಬಿಡೂದಿಲ್ಲ ಮಾರಾಯ್ರೆ" ಎಂದು ಅವರು ಎದೆಯುಬ್ಬಿಸಿದಾಗ ನಾನು ಕಾಫಿಗೆ ಬಿಲ್ ಕೇಳಿದೆ. "ಮಿಷನ್ ಕೆಟ್ಟಿದೆ ಸಾರ್" ಎಂದರು.

ಬಿಟಿಎಂ ಲೇಔಟಿನಲ್ಲಿ ಇರುವ ನಮ್ಮ ಭಾವನ ಮಗನಿಗೆ ಜಯಲಲಿತಾ ಯಾರು, ಆಸ್ತಿ ಎಷ್ಟು ಎನ್ನುವುದೆಲ್ಲ ಬೇಡವೇ ಬೇಡ. ಎಲೆಕ್ಟ್ರಾನಿಕ್ ಸಿಟಿಗೆ ಶನಿವಾರವೂ ಡ್ಯೂಟಿಯಿದ್ದ ಹುಡುಗ. ಪರಪ್ಪನ ಅಗ್ರಹಾರದ ಜೈಲಿನ ಸುತ್ತ ನಿಷೇಧಾಜ್ಞೆ, ಹೊಸೂರು ರಸ್ತೆಯುದ್ದಕ್ಕೂ ಪೊಲೀಸರು, ಗಡಿಯಲ್ಲಿ ಬಸ್ಸು ಬಂದ್. ಅವನ ಪ್ರತಿಕ್ರಿಯೆ ಒಂದೇ ಸಾಲು: "ಮಾವ, ಶಿಕ್ಷೆ ಆಗಿದ್ದು ನನಗೆ." ಸಿಲ್ಕ್ ಬೋರ್ಡ್ ದಾಟುವ ಹೊತ್ತಿಗೆ ಅವನ ಫೋನೂ ಸತ್ತಿತ್ತು, ಉತ್ಸಾಹವೂ ಸತ್ತಿತ್ತು. ಇಷ್ಟೊಂದು ಸೀರೆಯ ಲೆಕ್ಕ ಕೇಳುವ ಕೋರ್ಟಿಗೆ ಹೋಗಲು ರೇಷ್ಮೆ ಮಂಡಳಿಯನ್ನೇ ದಾಟಬೇಕಾದ್ದು ನಮ್ಮೂರಿನ ಹಾಸ್ಯಪ್ರಜ್ಞೆ.

ಅವನನ್ನು ಆವತ್ತು ಮನೆ ಮುಟ್ಟಿಸಿದ ಆಟೋದವರು ತಮಿಳರು, ಹುಟ್ಟಿದ್ದು ಇಲ್ಲೇ. "ಅಮ್ಮನ ಸುತ್ತ ಇದ್ದೋರು ಸರಿ ಇಲ್ಲ ಸಾರ್, ಅಮ್ಮ ಒಳ್ಳೆಯವ್ರು, ಒಂದು ರೂಪಾಯಿಗೆ ಇಡ್ಲಿ ಕೊಟ್ರು" ಎಂದರಂತೆ. ಮೀಟರ್ ಮೇಲೆ ಎಷ್ಟು ಕೊಟ್ಟೆ ಎಂದು ಕೇಳಿದೆ. "ಒನ್ ಅಂಡ್ ಹಾಫ್" ಎಂದ. ಇಡ್ಲಿಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ: ತಮಿಳುನಾಡಿನ ಅಮ್ಮ ಕ್ಯಾಂಟೀನಿನ ಆ ಇಡ್ಲಿ ನೋಡಿಕೊಂಡೇ ನಮ್ಮಲ್ಲಿ ಇಂದಿರಾ ಕ್ಯಾಂಟೀನ್ ಬಂತು. 2017ರ ಆಗಸ್ಟ್ 16ರಂದು ಅದು ಉದ್ಘಾಟನೆಯಾದದ್ದು ನಮ್ಮ ಜಯನಗರದಲ್ಲೇ. ಉದ್ಘಾಟಿಸಲು ಬಂದ ರಾಹುಲ್ ಗಾಂಧಿ ಭಾಷಣದಲ್ಲಿ ಬಾಯ್ತಪ್ಪಿ 'ಅಮ್ಮ ಕ್ಯಾಂಟೀನ್' ಎಂದುಬಿಟ್ಟು ತಿದ್ದಿಕೊಂಡರು. ಅಜ್ಜಿಯ ಹೆಸರು ಮರೆತ ಮೊಮ್ಮಗ ಎಂದು ಪಾರ್ಕಿನಲ್ಲಿ ಒಂದು ವಾರ ನಕ್ಕರು.

ಪಾರ್ಕು ಎಂದೆನಲ್ಲ, ಜಯನಗರದ ಸುಪ್ರೀಂ ಕೋರ್ಟು ಅದೇ. ಬೆಳಿಗ್ಗೆ ಆರಕ್ಕೆ ಕಲಾಪ ಶುರು, ಏಳೂವರೆಗೆ ಕಾಫಿ ವಿರಾಮ. ಆ ಪೀಠದ ಅಸಲಿ ವೈಭವ ನೋಡಬೇಕೆಂದರೆ 2015ರ ಮೇ ತಿಂಗಳಿಗೆ ಹೋಗಬೇಕು. ಮೇ 11ರಂದು ಹೈಕೋರ್ಟಿನ ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿಯವರು ಜಯಲಲಿತಾ ಸೇರಿ ನಾಲ್ವರು ಆರೋಪಿಗಳನ್ನೂ ಖುಲಾಸೆ ಮಾಡಿದರು. ತೀರ್ಪು 919 ಪುಟ. ಆದಾಯಕ್ಕಿಂತ ಹೆಚ್ಚಿನ ಆಸ್ತಿ ಬರೀ ಶೇಕಡಾ 8.12, ಅದು ಶೇಕಡಾ 10ರೊಳಗಿದ್ದರೆ ತಪ್ಪಲ್ಲ ಎನ್ನುವುದು ಅದರ ತಿರುಳು. ಚಿಕ್ಕಮ್ಮ ಫೋನ್ ಮಾಡಿ, "ಆಷಾಢದ ಸೇಲಲ್ಲಿ ಕೊಡ್ತಾರಲ್ಲ, ಆ ಹತ್ತು ಪರ್ಸೆಂಟಾ?" ಎಂದು ವಿಚಾರಿಸಿದರು.

ಆದರೆ ತೀರ್ಪಿನ ಒಳಗೊಂದು ಪಟ್ಟಿಯಿತ್ತು. ಬ್ಯಾಂಕುಗಳಿಂದ ತಂದ ಹತ್ತು ಸಾಲಗಳ ಪಟ್ಟಿ. ಕೆಳಗೆ ಒಟ್ಟು 24,17,31,274 ರೂಪಾಯಿ ಎಂದಿತ್ತು. ಹತ್ತನ್ನೂ ಕೂಡಿದರೆ ಬರುವುದು 10,67,31,274. ಅಂದರೆ ಹದಿಮೂರೂವರೆ ಕೋಟಿ ಗಾಳಿಯಿಂದ ಬಂದು ಕೂತಿತ್ತು. ಆ ಮೊತ್ತ ತೆಗೆದರೆ ಶೇಕಡಾ 8.12 ಹೋಗಿ ಶೇಕಡಾ 76.75 ಆಗುತ್ತದೆ. ಆಚಾರ್ಯರು ಇದನ್ನು ಎತ್ತಿ ತೋರಿಸಿದ ಮಾರನೆಯ ಬೆಳಿಗ್ಗೆ ನಮ್ಮ ಪಾರ್ಕಿನ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ವಾಕಿಂಗ್ ಮರೆತು ಕಲ್ಲುಬೆಂಚಿನ ಮೇಲೆ ಕೂತರು. ಯಾರದೋ ಮದುವೆ ಲಗ್ನಪತ್ರಿಕೆಯ ಹಿಂಬದಿಗೆ ಅಂಕಿಗಳನ್ನು ಇಳಿಸಿ, ಬಾಯಲ್ಲೇ ಕೂಡಿ, ಕೆಳಗಿಂದ ಮೇಲಕ್ಕೆ ಮತ್ತೊಮ್ಮೆ ಕೂಡಿ, ಅಡಿಗೆರೆ ಎಳೆದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುತ್ತಿಲ್ಲ. "ಡೇ ಬುಕ್ಕಲ್ಲಿ ಎಂಟಾಣೆ ವ್ಯತ್ಯಾಸ ಬಂದ್ರೆ ರಾತ್ರಿ ಹತ್ತಾದ್ರೂ ನಮ್ಮನ್ನ ಮನೆಗೆ ಬಿಡ್ತಿರ್ಲಿಲ್ಲ ಕಣ್ರೀ. ಹದಿಮೂರೂವರೆ ಕೋಟಿ!"

ಜಯಲಲಿತಾ ಮೇಲೆ ಅವರಿಗೆ ಅಂಥ ಸಿಟ್ಟೇನೂ ಇರಲಿಲ್ಲ. ಅವರ ನೋವು ಶುದ್ಧವಾಗಿ ಕೂಡುವ ಲೆಕ್ಕದ್ದು. ಇಡೀ ಪ್ರಕರಣದಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ಪ್ರತಿಕ್ರಿಯೆ ಅದು. ಪಕ್ಕದಲ್ಲಿದ್ದ ಇನ್ನೊಬ್ಬರು ಅವರ ಬೆನ್ನು ಸವರಿ ಸಮಾಧಾನ ಮಾಡಿ, ದೇಶ ಹಾಳಾಯಿತೆಂದು ನಿಟ್ಟುಸಿರು ಬಿಟ್ಟು, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿದರು. ಜೆಪಿ ನಗರದ ಅವರ ಸೈಟು ಮಾರಾಟಕ್ಕಿತ್ತು. "ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟ್ರೇಷನ್, ಮಿಕ್ಕಿದ್ದು ಕೈಗೆ. ಯಾರಾದ್ರೂ ಪಾರ್ಟಿ ಇದ್ರೆ ಹೇಳಿ, ನಂಬಿಕಸ್ಥರು."

ನಾನೇನು ಸಾಚಾ ಎಂದುಕೊಳ್ಳಬೇಡಿ. ಯಾರಿಗೆ ಹೇಳಬಹುದು ಎಂದು ಒಂದು ನಿಮಿಷ ಯೋಚಿಸಿದವನೇ.

ಮುಂದಿನದು ನಿಮಗೆ ಗೊತ್ತಿದೆ. 2016ರ ಡಿಸೆಂಬರ್ 5ರಂದು ಜಯಲಲಿತಾ ತೀರಿಕೊಂಡರು. ಆವತ್ತು ಚಿಕ್ಕಮ್ಮ ಸೀರೆಯ ಮಾತೆತ್ತಲಿಲ್ಲ. "ಪಾಪ, ಒಂಟಿ ಹೆಂಗಸು" ಎಂದಷ್ಟೇ ಹೇಳಿ ಟೀವಿ ಆರಿಸಿದರು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಡಿ'ಕುನ್ಹ ಅವರ ತೀರ್ಪನ್ನು ಎತ್ತಿಹಿಡಿಯಿತು. ಜಯಲಲಿತಾ ವಿರುದ್ಧದ ಮೇಲ್ಮನವಿ ಅವರ ಸಾವಿನೊಂದಿಗೇ ಮುಗಿದಿತ್ತು, ಉಳಿದ ಮೂವರಿಗೆ ಶಿಕ್ಷೆ ಉಳಿಯಿತು. ಆ ಮೂವರಲ್ಲೊಬ್ಬರಾದ, ಜಯಲಲಿತಾ ಆಪ್ತೆ ಶಶಿಕಲಾ ಮಾರನೆಯ ದಿನವೇ ಪರಪ್ಪನ ಅಗ್ರಹಾರಕ್ಕೆ ಬಂದು ಶರಣಾದರು. ಒಂದು ಕಾಲಕ್ಕೆ ಅಗ್ರಹಾರ ಎಂದರೆ ವೇದ ಓದಿಕೊಂಡವರಿಗೆ ದಾನ ಕೊಟ್ಟ ಊರು, ಈಗ ನಮ್ಮ ಕಡೆ "ಅಗ್ರಹಾರಕ್ಕೆ ಹೋಗಿದ್ದಾರೆ" ಎಂದರೆ ದನಿ ತಗ್ಗಿಸಿ ಹೇಳಬೇಕು.

ಇಷ್ಟೆಲ್ಲ ನೆನಪಾಗಲು ಕಾರಣ 2025ರ ಫೆಬ್ರವರಿ. ಈ ಪ್ರಕರಣದಲ್ಲಿ ಜಪ್ತಿಯಾಗಿ ಬೆಂಗಳೂರಿನಲ್ಲಿ ಭದ್ರವಾಗಿದ್ದ 27 ಕೆಜಿಯಷ್ಟು ಚಿನ್ನ, ಸಾವಿರಕ್ಕೂ ಹೆಚ್ಚು ಕೆಜಿ ಬೆಳ್ಳಿ, 1,526 ಎಕರೆ ಜಮೀನಿನ ಕಾಗದಪತ್ರ ಎಲ್ಲವನ್ನೂ ನ್ಯಾಯಾಲಯದ ಆದೇಶದಂತೆ ತಮಿಳುನಾಡಿಗೆ ಒಪ್ಪಿಸಿದರು. ಟೀವಿಯಲ್ಲಿ ಒಡವೆಗಳು ಮಿನುಗುತ್ತಿದ್ದವು. ಚಿಕ್ಕಮ್ಮ ಅತ್ತ ನೋಡಲೂ ಇಲ್ಲ. ಅವರು ಮಂಚದ ಮೇಲೆ ತಮ್ಮ ಮದುವೆಯ ಧಾರೆ ಸೀರೆ ಹರವಿಕೊಂಡು ಕೂತಿದ್ದರು. ಆರು ತಿಂಗಳಿಗೊಮ್ಮೆ ಅವರು ರೇಷ್ಮೆ ಸೀರೆಗಳನ್ನೆಲ್ಲ ಬಿಚ್ಚಿ, ನೆರಳಲ್ಲಿ ಆರಿಸಿ, ಹಳೆಯ ಮಡಿಕೆ ಬಿಟ್ಟು ಬೇರೆ ಮಡಿಕೆ ಹಾಕಿ, ಮಲ್ಲು ಪಂಚೆಯಲ್ಲಿ ಸುತ್ತಿಡುತ್ತಾರೆ. ಹಾಗೆ ಮಾಡದಿದ್ದರೆ ಮಡಿಕೆಯ ಗೆರೆಯಲ್ಲೇ ರೇಷ್ಮೆ ಸೀಳುತ್ತದೆ, ಜರಿ ಕಪ್ಪಾಗುತ್ತದೆ.

"ಆ ಸೀರೆಗಳ ಮಡಿಕೆ ಯಾರಾದ್ರೂ ಬದಲಾಯಿಸಿದ್ರೇನೋ?" ಎಂದು ಕೇಳಿದರು.

1996ರಿಂದ ಲೆಕ್ಕ ಹಾಕಿದರೆ ಇಪ್ಪತ್ತೆಂಟು ವರ್ಷ ದಾಟಿದೆ. ದಿನಕ್ಕೊಂದು ಉಟ್ಟಿದ್ದರೆ ಅಷ್ಟೂ ಮುಗಿಯುವ ಹೊತ್ತು. ಸಂಬಂಧಪಟ್ಟ ಅಧಿಕಾರಿಗಳಲ್ಲಿ ಬನಶಂಕರಿ ಎರಡನೇ ಹಂತದ ಪರವಾಗಿ ಒಂದು ವಿನಂತಿ: ಸೀರೆಗಳು ಈಗ ಯಾವ ಬೀಗದ ಹಿಂದೆಯೇ ಇರಲಿ, ದಯವಿಟ್ಟು ಒಂದು ಸಲ ಬಿಚ್ಚಿ, ನೆರಳಲ್ಲಿ ಆರಿಸಿ, ಮಡಿಕೆ ಬದಲಾಯಿಸಿ ಇಡಿ. ಕೈ ಸಾಲದಿದ್ದರೆ ಚಿಕ್ಕಮ್ಮ ಬರುತ್ತಾರಂತೆ.